ಬೀಗರು ಉಡಿಸಿದ ಎಂಟು ಗಜ!

ಮೂವತ್ತೈದು ವರ್ಷ ಸಿನಿಮಾದವರಿಗೆ ಬಟ್ಟೆ ಉಡಿಸಿದವನು ನಾನು. ರಾಜನಿಗೆ ಕಿರೀಟ, ರೈತನಿಗೆ ಹರಿದ ಬನಿಯನ್ನು, ವಿಲನ್‌ಗೆ ಹೂವಿನ ಷರ್ಟು, ನಾಯಕಿಗೆ ಮಳೆಯಲ್ಲಿ ನೆನೆಯೋ ಸೀರೆ… ಎಲ್ಲಾ ಈ ಕೈಯಲ್ಲೇ. ಕಾಲ್‌ಶೀಟು ಇರುವ ದಿನ ಸೂಜಿ, ದಾರ, ಸೇಫ್ಟಿ ಪಿನ್ನಿನ ಡಬ್ಬಿ ಇಲ್ಲದೆ ನಾನು ಮನೆ ಬಿಟ್ಟಿದ್ದೇ ಇಲ್ಲ. ಅಂಥ ನನಗೇ ಒಬ್ಬರು ಬಟ್ಟೆ ಉಡಿಸಿದರು ಸ್ವಾಮಿ! ಅದೂ ಅರವತ್ತೈದನೇ ವಯಸ್ಸಿನಲ್ಲಿ! ಅದೂ ಲಂಗ!

ಉಡಿಸಿದವರು ಯಾರು ಅಂತೀರಿ? ನಮ್ಮ ಬೀಗರು!

ನಗಬೇಡಿ. ಕಥೆ ಪೂರ್ತಿ ಕೇಳಿ, ಆಮೇಲೆ ನಗೋದೋ ಅಳೋದೋ ನಿಮಗೆ ಬಿಟ್ಟದ್ದು.

ನನ್ನ ಒಬ್ಬಳೇ ಮಗಳು 2016ರಲ್ಲಿ ಓದೋಕೆ ಅಂತ ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೋದಳು. ಓದು ಮುಗೀತು, ಕೆಲಸ ಸಿಕ್ಕಿತು. ಒಂದು ರಾತ್ರಿ ಫೋನಿನಲ್ಲಿ, ‘ಅಪ್ಪಾ… ಒಬ್ಬ ಹುಡುಗ…’ ಅಂತ ಎಳೆದಳು. ಸಾವಿರ ಸಿನಿಮಾ ಕಂಡವನಿಗೆ ಮುಂದಿನ ಡೈಲಾಗ್ ಗೊತ್ತಾಗೋದಿಲ್ಲವೇ? ‘ಯಾವ ಊರಮ್ಮ?’ ಅಂದೆ. ‘ಇನ್ವರ್ನೆಸ್.’ ‘ಅದು ಯಾವ ತಾಲ್ಲೂಕು?’ ಅಂದೆ. ಇಬ್ಬರೂ ನಕ್ಕೆವು. ಅಲ್ಲಿಗೆ ಒಪ್ಪಿಗೆ ಆಯ್ತು.

2023ರ ಜೂನ್‌ನಲ್ಲಿ ಮದುವೆ. ಮೊದಲು ಅಲ್ಲಿ, ಆಮೇಲೆ ಬೆಂಗಳೂರಿನಲ್ಲಿ ಧಾರೆ. ಆ ಕಡೆ ಮದುವೆಯಲ್ಲಿ ಗಂಡಸರು ಕಿಲ್ಟ್ ತೊಡ್ತಾರೆ. ನೀವು ನೋಡೇ ಇರ್ತೀರಿ, ಚೌಕುಳಿ ಉಣ್ಣೆಯ, ಮಂಡಿವರೆಗಿನ ನೆರಿಗೆ ಉಡುಪು. ಜೇಮ್ಸ್ ಬಾಂಡ್ ಆಗಿ ಮೆರೆದ ಶಾನ್ ಕಾನರಿ 2000ದಲ್ಲಿ ಎಡಿನ್‌ಬರೋ ಅರಮನೆಗೆ ‘ಸರ್’ ಪದವಿ ತಗೊಳ್ಳೋಕೆ ಹೋದಾಗ ತೊಟ್ಟಿದ್ದು ಇದನ್ನೇ. ಬಾಂಡ್‌ಗೇ ಇಲ್ಲದ ನಾಚಿಕೆ ಬೀಗನಿಗೆ ಯಾಕೆ? ಆದರೂ ಒಂದು ಷರತ್ತು ಹಾಕಿದೆ: ‘ನಾನು ನಿಮ್ಮ ಕಿಲ್ಟ್ ಉಡ್ತೀನಿ, ಬೆಂಗಳೂರಿಗೆ ಬಂದಾಗ ನೀವು ನಮ್ಮ ಕಚ್ಚೆಪಂಚೆ ಉಡಬೇಕು.’ ಬೀಗರು ಕೈ ಕುಲುಕಿದರು.

ಬೀಗರ ಬಗ್ಗೆ ಎರಡು ಮಾತು. ಇನ್ವರ್ನೆಸ್‌ನಲ್ಲಿ ಬಸ್ ಡ್ರೈವರ್ ಆಗಿ ರಿಟೈರ್ ಆದವರು. ಶನಿವಾರ ಭಾನುವಾರ ಬ್ಯಾಗ್‌ಪೈಪ್ ಬ್ಯಾಂಡಿನಲ್ಲಿ ಡೋಲು ಬಾರಿಸಿದವರು. ಆಗಸ್ಟ್ ಬಂತೆಂದರೆ ಗ್ಲಾಸ್ಗೋದಲ್ಲಿ ಪೈಪ್ ಬ್ಯಾಂಡುಗಳ ವಿಶ್ವ ಸ್ಪರ್ಧೆ. ಬ್ಯಾಂಡಿನವರ ಜೊತೆ ಕಿಲ್ಟ್ ತೊಟ್ಟುಕೊಂಡೇ ಬಸ್ಸಿನಲ್ಲಿ, ರೈಲಿನಲ್ಲಿ ಊರೂರು ಸುತ್ತಿದವರು. ಮಗಳು ಹೇಳಿಕೊಟ್ಟ ಒಂದೇ ಕನ್ನಡ ಮಾತನ್ನ ಬಾಯಿತುಂಬ ಆಡೋರು: ‘ಬೀಗ್ರೇ!’

ಜೇಬಿಲ್ಲ, ಜೋಕೆ!

ನನಗೆ ಬಾಡಿಗೆಗೆ ಕಿಲ್ಟ್ ಹೇಳಿದ್ದು ಎಡಿನ್‌ಬರೋದಲ್ಲಿ. ಮದುವೆ ಇನ್ವರ್ನೆಸ್‌ನಲ್ಲಿ, ಮಧ್ಯಾಹ್ನ ಎರಡಕ್ಕೆ. ನಡುವೆ ಮೂರೂವರೆ ಗಂಟೆಯ ರೈಲು. ಅಲ್ಲಿ ಇಳಿದು ಉಡೋದಕ್ಕೆ ಸಮಯವಿಲ್ಲ. ಮದುಮಕ್ಕಳು ಮೊದಲೇ ಹೋಗಿದ್ದರು. ನನ್ನನ್ನ ಕರೆದೊಯ್ಯೋಕೆ ಬೀಗರು ಹಿಂದಿನ ದಿನವೇ ಬಂದಿದ್ದರು. ಬೆಳಗಿನ ಜಾವ ಮಗಳ ಮನೆಯಲ್ಲಿ ಶುರುವಾಯ್ತು ನೋಡಿ, ನನ್ನ ಡ್ರೆಸ್ಸಿಂಗು!

ಕಿಲ್ಟ್ ಅಂದರೆ ಎಂಟು ಗಜದ ಉಣ್ಣೆ ಬಟ್ಟೆ. ನಮ್ಮ ಹೆಂಗಸರ ಆರು ಗಜದ ಸೀರೆಗಿಂತ ಎರಡು ಗಜ ಜಾಸ್ತಿ! ಸೀರೆಗೆ ನೆರಿಗೆ ಮುಂದೆ, ಇದಕ್ಕೆ ನೆರಿಗೆಯೆಲ್ಲ ಹಿಂದೆ. ಮುಂದುಗಡೆ ಎರಡು ಪದರ ಸಪಾಟಾಗಿ ಒಂದರ ಮೇಲೊಂದು ಬಂದು, ಬಲಗಡೆ ಬಕಲ್ಲಿನಲ್ಲಿ ಮುಗಿಯುತ್ತೆ. ಹೊಕ್ಕುಳ ಮಟ್ಟಕ್ಕೆ ಕಟ್ಟಬೇಕು, ಅಂಚು ಮಂಡಿಚಿಪ್ಪಿನ ನಡುವಿಗೆ ಬರಬೇಕು. ನಾನು ಅಭ್ಯಾಸಬಲದಿಂದ ಪ್ಯಾಂಟಿನ ಹಾಗೆ ಹೊಟ್ಟೆ ಕೆಳಗೆ ಇಳಿಸಿದೆ. ಬೀಗರು ಮೇಲಕ್ಕೆಳೆದು, ‘ಬೀಗ್ರೇ, ಹೊಟ್ಟೆ ಒಳಗೆ!’ ಅಂದರು. ಅರವತ್ತೈದು ವರ್ಷದ ಹೊಟ್ಟೆ ಮಾತು ಕೇಳುತ್ತದೆಯೇ?

ಕೆಳಗಿನ ಮೂಲೆಗೆ ಒಂದು ದೊಡ್ಡ ಪಿನ್ನು. ನಾನು ಸರಕ್ಕನೆ ಎರಡೂ ಪದರ ಸೇರಿಸಿ ಚುಚ್ಚೋಕೆ ಹೋದೆ. ಬೀಗರು ಗಪ್ಪನೆ ಕೈ ಹಿಡಿದರು. ಆ ಪಿನ್ನು ಮೇಲಿನ ಪದರಕ್ಕೆ ಮಾತ್ರವಂತೆ, ಭಾರಕ್ಕೆ ಮತ್ತು ಅಂದಕ್ಕೆ. ಎರಡಕ್ಕೂ ಚುಚ್ಚಿದರೆ ಕೂತು ಎದ್ದಾಗ ಬಟ್ಟೆ ಹರಿದೇ ಹೋಗುತ್ತೆ. ಮೂವತ್ತೈದು ವರ್ಷದ ಕಾಸ್ಟ್ಯೂಮರ್‌ಗೆ ಬಸ್ ಡ್ರೈವರ್ ಪಾಠ!

ಕಾಲಿಗೆ ಉಣ್ಣೆಯ ಉದ್ದ ಕಾಲ್ಚೀಲ, ಮಂಡಿಯಿಂದ ಮೂರು ಬೆರಳು ಕೆಳಕ್ಕೆ. ಅದರ ಮಡಿಕೆಯೊಳಗೆ ಎಲಾಸ್ಟಿಕ್ ಪಟ್ಟಿ, ಪಟ್ಟಿಯಿಂದ ಇಣುಕುವ ಬಣ್ಣದ ಬಟ್ಟೆ. ನಾಲಿಗೆಯೇ ಇಲ್ಲದ ಶೂಗೆ ಮಾರುದ್ದ ಲೇಸು. ಅದನ್ನ ತಿರುಚಿ ಪಾದದ ಗಂಟಿನ ಮೇಲೆ ಸುತ್ತಿ ಕಟ್ಟಬೇಕು. ಸಡಿಲವಾದರೆ ಜಾರುತ್ತೆ, ಬಿಗಿಯಾದರೆ ಕಾಲು ಜೋಮು ಹಿಡಿಯುತ್ತೆ. ಬಲಗಾಲ್ಚೀಲದೊಳಗೆ ಒಂದು ಪುಟ್ಟ ಚಾಕು. ಅದರ ಹೆಸರು ಸ್ಕಿಯನ್ ಡೂ, ಅವರ ಗೇಲಿಕ್ ಭಾಷೆಯಲ್ಲಿ ‘ಕಪ್ಪು ಚಾಕು’. ನನಗೆ ನಮ್ಮ ಕೊಡಗಿನವರು ನೆನಪಾದರು. ಮಡಿಕೇರಿ ಔಟ್‌ಡೋರಿನಲ್ಲಿ ಎಷ್ಟು ಜನಕ್ಕೆ ಕುಪ್ಯ ತೊಡಿಸಿ, ಚೇಲೆ ಬಿಗಿದು, ಪೀಚೆ ಕತ್ತಿ ಸಿಕ್ಕಿಸಿಲ್ಲ ನಾನು! ಅವರಿಗೆ ಸೊಂಟದಲ್ಲಿ, ಇವರಿಗೆ ಕಾಲ್ಚೀಲದಲ್ಲಿ. ಎರಡೂ ಕಡೆ ಚಾಕಿಲ್ಲದೆ ಮದುವೆಯಿಲ್ಲ!

ಕುತೂಹಲಕ್ಕೆ ಹೊರಗೆಳೆದು ನೋಡಿದೆ. ಹಿಡಿ ಮಾತ್ರ ಇದೆ, ಅಲಗೇ ಇಲ್ಲ! ಬಾಡಿಗೆ ಅಂಗಡಿಯದ್ದು, ಡಮ್ಮಿ. ನಮ್ಮ ಪೌರಾಣಿಕ ಚಿತ್ರದ ಗದೆಯ ತಂಗಿ! ಬೀಗರದ್ದು ಮಾತ್ರ ಅಸಲಿ. ರಾಷ್ಟ್ರೀಯ ಉಡುಪಿನ ಭಾಗ ಅಂತ ಅದನ್ನ ಧರಿಸಿ ಓಡಾಡೋಕೆ ಅಲ್ಲಿನ ಕಾನೂನಿನಲ್ಲೇ ವಿನಾಯಿತಿ ಇದೆ. ವಿಮಾನ ಹತ್ತುವಾಗ ಮಾತ್ರ ಕೈಚೀಲದಲ್ಲಿ ಬಿಡೋದಿಲ್ಲ, ಕೆಳಗೆ ಹೋಗುವ ಪೆಟ್ಟಿಗೆಗೇ ಹಾಕಬೇಕು.

ಕೊನೆಗೆ ಬಂತು ಸ್ಪೋರನ್. ಕಿಲ್ಟ್‌ಗೆ ಜೇಬಿಲ್ಲ. ಅದಕ್ಕೇ ಸೊಂಟದ ಮುಂದೆ ಚರ್ಮದ ಚೀಲ. ನನ್ನದಕ್ಕೆ ಮುಂದೆ ರೋಮ, ಮೂರು ಕುಚ್ಚು, ಹಿಂದಕ್ಕೆ ಸರಪಳಿ ಮತ್ತು ಪಟ್ಟಿ. ನಮ್ಮಜ್ಜನ ಎಲೆ ಅಡಿಕೆ ಸಂಚಿಗೆ ರಾಜಯೋಗ ಬಂದ ಹಾಗೆ! ದುಡ್ಡು, ಟಿಕೆಟ್, ಕನ್ನಡಕ ಎಲ್ಲಾ ಅದರೊಳಗೆ. ಕಿಲ್ಟಿನ ಬೆನ್ನಹಿಂದೆ ಎರಡು ಬಟ್ಟೆಯ ಕುಣಿಕೆ ಇರ್ತವೆ. ಪಟ್ಟಿಯನ್ನ ಅವುಗಳ ಮೂಲಕ ತೂರಿಸಿಯೇ ಬಕಲ್ ಹಾಕಬೇಕು ಅಂದರು ಬೀಗರು. ಅಷ್ಟರಲ್ಲಿ ಟ್ಯಾಕ್ಸಿ ಬಂತು. ನನ್ನ ಕೈಗೆ ಆ ಕುಣಿಕೆ ಸಿಗಲಿಲ್ಲ. ‘ಆಯ್ತು ಆಯ್ತು’ ಅಂತ ಹಾಗೇ ಮೇಲಿಂದ ಸುತ್ತಿ ಬಕಲ್ ಹಾಕಿಬಿಟ್ಟೆ.

ಇಲ್ಲೇ ನೋಡಿ ನಾನು ತಪ್ಪಿದ್ದು. ಯಾಕೆಂದರೆ ಆ ಚೀಲದಲ್ಲಿ ದುಡ್ಡು ಟಿಕೆಟ್ ಮಾತ್ರ ಇರಲಿಲ್ಲ. ನನ್ನ ಹೆಂಡತಿಯ ಓಲೆ ಇತ್ತು.

ಬೇವಿನ ಕಡ್ಡಿ

1986ನೇ ಇಸವಿ. ಮೇಲುಕೋಟೆಯಲ್ಲಿ ಹಾಡಿನ ಶೂಟಿಂಗ್. ಕ್ಲೋಸಪ್‌ಗೆ ನಕಲಿ ಒಡವೆ ಬೇಡ ಅಂತ ಪ್ರೊಡ್ಯೂಸರ್ ತಮ್ಮ ಮನೆಯಿಂದಲೇ ಅಸಲಿ ಚಿನ್ನದ ಜುಮುಕಿ ತಂದಿದ್ದರು. ನಾಯಕಿಯ ಕಿವಿಗೆ ಹಾಕಿದವನು ನಾನು. ಕಲ್ಯಾಣಿಯ ಮೆಟ್ಟಿಲ ಮೇಲೆ ಏಳು ಟೇಕು ಕುಣಿದರು. ಪ್ಯಾಕಪ್ ಹೊತ್ತಿಗೆ ಒಂದು ಕಿವಿ ಬರಿದು! ಟಾರ್ಚು ಹಿಡಿದು ರಾತ್ರಿ ಹನ್ನೊಂದರವರೆಗೆ ಮೆಟ್ಟಿಲು ಮೆಟ್ಟಿಲು ತಡವಿದೆ. ಸಿಗಲಿಲ್ಲ. ‘ಕೊಕ್ಕೆ ಸರಿಯಾಗಿ ಹಾಕಿಲ್ಲ, ಇವನೇ ಕಟ್ಟಿಕೊಡಲಿ’ ಅಂತ ತೀರ್ಮಾನವಾಯ್ತು. ಆಗ ನನ್ನ ಸಂಬಳ ಎಷ್ಟು ಅಂತ ಹೇಳಿದರೆ ನೀವೂ ನಗ್ತೀರಿ.

ಮನೆಗೆ ಬಂದು ಗೋಡೆ ನೋಡ್ತಾ ಕೂತೆ. ಮದುವೆಯಾಗಿ ಎರಡೇ ವರ್ಷ. ಅವಳು ಏನೂ ಕೇಳಲಿಲ್ಲ. ತವರಿನಿಂದ ತಂದ ಕೆಂಪು ಹರಳಿನ ಬೆಂಡೋಲೆ ಬಿಚ್ಚಿ ನನ್ನ ಅಂಗೈಗೆ ಹಾಕಿ, ‘ಮೊದಲು ಮಾನ, ಆಮೇಲೆ ಓಲೆ’ ಅಂದಳು. ಗಿರವಿ ಅಂಗಡಿಯಿಂದ ಅದನ್ನ ಬಿಡಿಸೋಕೆ ನನಗೆ ಮೂರು ವರ್ಷ ಬೇಕಾಯ್ತು. ಆ ಮೂರು ವರ್ಷವೂ ಕಿವಿಯ ತೂತು ಮುಚ್ಚಿಹೋಗದಿರಲಿ ಅಂತ ಬೇವಿನ ಕಡ್ಡಿ ಇಟ್ಟುಕೊಂಡಿದ್ದಳು. ಆ ಎರಡು ಕಡ್ಡಿ ನೋಡಿದಾಗಲೆಲ್ಲ ನನ್ನ ಎದೆಗೆ ಪಿನ್ನು ಚುಚ್ಚಿದ ಹಾಗೆ ಆಗೋದು.

ಅಂದಿನಿಂದ ಒಂದು ನೇಮ ಮಾಡಿಕೊಂಡೆ. ಕೊಕ್ಕೆ ಇರಲಿ, ಬಕಲ್ ಇರಲಿ, ಪಿನ್ನಿರಲಿ, ಅದರ ಜೊತೆಗೆ ಎರಡು ಕಚ್ಚಾ ಹೊಲಿಗೆ. ಕೊಕ್ಕೆ ಬಿಟ್ಟರೂ ದಾರ ಹಿಡಿಯುತ್ತೆ. ಆಮೇಲೆ ನನ್ನ ಕೈಯಿಂದ ಒಂದು ಮಣಿಯೂ ಕಳೆದಿಲ್ಲ.

2019ರಲ್ಲಿ ಅವಳು ಹೋದಳು. ಓಲೆ ಉಳಿಯಿತು. ಮಗಳ ಮದುವೆಯ ದಿನ ನನ್ನ ಕೈಯಾರೆ ಕೊಡಬೇಕು ಅಂತ ಅವಳ ಹಳದಿ ರವಿಕೆಯ ಒಂದು ಚೂರಿನಲ್ಲಿ ಓಲೆ ಕಟ್ಟಿ, ಹಿಂದಿನ ರಾತ್ರಿಯೇ ಸ್ಪೋರನ್ನಿನ ಒಳಗಿನ ಅಸ್ತರಿಗೆ ಎರಡು ಹೊಲಿಗೆ ಹಾಕಿದ್ದೆ. ಒಳಗಿನದ್ದಕ್ಕೆ ದಾರ ಹಾಕಿದ ಜಾಣ, ಚೀಲವನ್ನೇ ಸೊಂಟಕ್ಕೆ ಭದ್ರ ಮಾಡಲಿಲ್ಲ!

ಗಾಳಿಯೂ ಗೌರವವೂ

ಎಡಿನ್‌ಬರೋದ ರೈಲ್ವೆ ನಿಲ್ದಾಣದ ಹೆಸರು ವೇವರ್ಲಿ. ಸರ್ ವಾಲ್ಟರ್ ಸ್ಕಾಟ್‌ರ ಕಾದಂಬರಿಯ ಹೆಸರು. ನಿಲ್ದಾಣಕ್ಕೇ ಕಾದಂಬರಿಯ ಹೆಸರು ಇಟ್ಟ ಊರು ಅದು! ಅಲ್ಲಿಗೆ ಇಳಿಯುವ ಮೆಟ್ಟಿಲ ಸಾಲಿನಲ್ಲಿ ಬೀಸುವ ಗಾಳಿ ಇದೆಯಲ್ಲ, ಊರಿಗೇ ಪ್ರಸಿದ್ಧ. ನಾನು ಎರಡೂ ಕೈಯಲ್ಲಿ ಲಂಗ ಹಿಡಿದು, ಬೆಳ್ಳಿತೆರೆಯ ನಾಚುವ ನಾಯಕಿಯ ಹಾಗೆ ನಿಂತುಬಿಟ್ಟೆ. ಬೀಗರು ಕೂಗಿದರು: ‘ಬಿಡಿ ಬೀಗ್ರೇ! ಹಿಂದೆ ಎಂಟು ಗಜದ ಭಾರ ಇದೆ, ಮುಂದೆ ಸ್ಪೋರನ್ ಇದೆ. ಕೈಯಲ್ಲಿ ಹಿಡಿದರೇ ಜನ ನೋಡ್ತಾರೆ!’ ಬಿಟ್ಟೆ. ನೆರಿಗೆ ಕುಣಿಯಿತೇ ಹೊರತು ಮಾನ ಹೋಗಲಿಲ್ಲ.

ಎಲ್ಲರೂ ಕೇಳುವ ಪ್ರಶ್ನೆ ನೀವೂ ಕೇಳ್ತಿದ್ದೀರಿ, ಗೊತ್ತು. ‘ಒಳಗೆ ಏನು?’ 1968ರಲ್ಲಿ ‘ಕ್ಯಾರಿ ಆನ್ ಅಪ್ ದಿ ಖೈಬರ್’ ಅಂತ ಒಂದು ಇಂಗ್ಲಿಷ್ ನಗೆಚಿತ್ರ ಬಂತು. ಕಿಲ್ಟ್ ಪಡೆಯ ಸಿಪಾಯಿಗಳು ಒಳಗೆ ಏನೂ ಹಾಕೋದಿಲ್ಲ ಅನ್ನೋ ಭಯದ ಮೇಲೇ ಪೂರ್ತಿ ಕಥೆ! ನನ್ನದು ಹೇಳಿಬಿಡ್ತೀನಿ ಸ್ವಾಮಿ: ಪಟ್ಟಾಪಟ್ಟಿ ಚಡ್ಡಿ. ಚಿಕ್ಕಪೇಟೆಯದ್ದು.

ರೈಲಿನಲ್ಲಿ ಕೂರೋದಕ್ಕೂ ವಿದ್ಯೆ ಇದೆ. ಕೂರುವಾಗ ಎರಡೂ ಅಂಗೈಯಿಂದ ಹಿಂದಿನ ನೆರಿಗೆಯನ್ನ ಮೇಲಿಂದ ಕೆಳಕ್ಕೆ ಸವರಿಕೊಂಡು ಕೂರಬೇಕು. ಇಲ್ಲದಿದ್ದರೆ ಬರಿ ತೊಡೆಗೆ ಸೀಟು ಚುಚ್ಚುತ್ತೆ, ಏಳುವ ಹೊತ್ತಿಗೆ ನೆರಿಗೆ ಮುದುಡಿದ ಹಪ್ಪಳ. ಮಂಡಿ ಜೋಡಿಸಿ, ಸ್ಪೋರನ್ನನ್ನ ತೊಡೆಗಳ ನಡುವೆ ಬಿಡಬೇಕು. ಅದೇ ಮುಂದಿನ ಪದರಕ್ಕೆ ಭಾರ. ಡೋಲು ಬಾರಿಸುವಾಗ, ಕಾರು ಓಡಿಸುವಾಗ ಮಾತ್ರ ಅದನ್ನ ಪಕ್ಕದ ಸೊಂಟಕ್ಕೆ ಸರಿಸಿಕೊಳ್ತಾರೆ. ‘ಸರಿಸಿ, ಆದರೆ ಬಿಚ್ಚಬೇಡಿ’ ಅಂದರು ಬೀಗರು. ವಿಮಾನದ ತಪಾಸಣೆಯಲ್ಲಿ ಮಾತ್ರ ಸರಪಳಿ, ಪಿನ್ನು, ಬಕಲ್ಲಿಗೆ ಯಂತ್ರ ಕಿರುಚುತ್ತೆ ಅಂತ ಎಲ್ಲವನ್ನೂ ತಟ್ಟೆಗೆ ಹಾಕಬೇಕಂತೆ; ತಟ್ಟೆ ಆ ಕಡೆ ಬರುವವರೆಗೂ ಅದರ ಮೇಲಿನ ಕಣ್ಣು ತೆಗೆಯಬಾರದಂತೆ. ಉಡದೆ ಒಯ್ಯುವುದಾದರೆ ಕಿಲ್ಟನ್ನು ಮಡಿಸೋದಲ್ಲ, ನೆರಿಗೆ ಅಲ್ಲಾಡದ ಹಾಗೆ ಕಚ್ಚಾ ಹೊಲಿಗೆ ಹಾಕಿ, ಚಾಪೆಯ ಹಾಗೆ ಸುರುಳಿ ಸುತ್ತಿ, ನೈಲಾನ್ ಕಾಲ್ಚೀಲದೊಳಗೆ ತೂರಿಸೋದು. ‘ಕಚ್ಚಾ ಹೊಲಿಗೆ’ ಅಂದ ಕೂಡಲೇ ನನಗೆ ಬೀಗರ ಮೇಲೆ ಅಕ್ಕರೆ ಉಕ್ಕಿತು. ನಮ್ಮ ಜಾತಿಯವರೇ! ಸೂಜಿಯ ಜಾತಿ.

ದಾರಿಯುದ್ದಕ್ಕೂ ಮಾತು. 1995ರ ‘ಬ್ರೇವ್‌ಹಾರ್ಟ್’ ಚಿತ್ರದ ಬಗ್ಗೆ ಬೀಗರಿಗೆ ಕೋಪ. ಮೆಲ್ ಗಿಬ್ಸನ್ ಅದರಲ್ಲಿ ಕಿಲ್ಟ್ ತೊಟ್ಟು ಹೋರಾಡ್ತಾರಲ್ಲ, ಆ ವೀರ ವಾಲೇಸ್ ಇದ್ದ 13ನೇ ಶತಮಾನದಲ್ಲಿ ಕಿಲ್ಟೇ ಇರಲಿಲ್ಲ. ಅದು ಬಂದದ್ದು 16ನೇ ಶತಮಾನದ ಕೊನೆಗೆ. ನಾನಂದೆ, ‘ಕಾಸ್ಟ್ಯೂಮರ್‌ನ ಬೈಯಬೇಡಿ ಬೀಗರೇ, ಡೈರೆಕ್ಟರ್ ಹೇಳಿದ್ದನ್ನ ಹಾಕಿರ್ತಾನೆ.’

ರೈಲು ಪರ್ತ್ ದಾಟಿ ಬೆಟ್ಟ ಹತ್ತಿತು. ಡ್ರಮ್ಮೋಕ್ಟರ್ ಕಣಿವೆ. 452 ಮೀಟರ್ ಎತ್ತರ, ಬ್ರಿಟನ್ನಿನ ಮುಖ್ಯ ರೈಲು ಮಾರ್ಗಗಳಲ್ಲೇ ಅತಿ ಎತ್ತರದ ಜಾಗ. ಜೂನ್‌ನಲ್ಲೂ ಚಳಿ. ಮಂಡಿಗೆ ಚಳಿ ಹತ್ತಿದರೆ ಏನಾಗುತ್ತೆ ಅಂತ ವಯಸ್ಸಾದವರಿಗೆ ಬಿಡಿಸಿ ಹೇಳಬೇಕಿಲ್ಲ. ಏವೀಮೋರ್ ದಾಟುವ ಹೊತ್ತಿಗೆ ಎದ್ದು ಶೌಚಕ್ಕೆ ಹೋದೆ.

ಇಕ್ಕಟ್ಟು ಜಾಗ. ರೈಲು ಓಲಾಡ್ತಿದೆ. ಮುಂದೆ ಈ ಚೀಲ, ಸರಪಳಿ, ಕುಚ್ಚು! ‘ಬಿಚ್ಚಬೇಡಿ’ ಅಂದದ್ದು ಮರೆತೇಹೋಯ್ತು. ಬಕಲ್ ಬಿಚ್ಚಿ, ಬಾಗಿಲ ಹಿಂದಿನ ಕೊಕ್ಕೆಗೆ ನೇತುಹಾಕಿದೆ. ಕೆಲಸ ಮುಗಿಸಿ, ಕೈ ತೊಳೆದು, ನೆರಿಗೆ ಸರಿಮಾಡಿ, ಗತ್ತಾಗಿ ಬಂದು ಕೂತೆ.

ಬಾಗಿಲ ಮುಂದೆ

ಸ್ವಲ್ಪ ಹೊತ್ತು ಮಾತಾಡ್ತಾ ಇದ್ದ ಬೀಗರು ತಟ್ಟನೆ ನಿಲ್ಲಿಸಿ ನನ್ನ ತೊಡೆ ಕಡೆ ನೋಡಿದರು. ‘ಬೀಗ್ರೇ… ಸ್ಪೋರನ್?’

ಮೇಲುಕೋಟೆಯ ಮೆಟ್ಟಿಲು ಕಣ್ಣ ಮುಂದೆ ಬಂತು ಸ್ವಾಮಿ. ಅದೇ ಕತ್ತಲು, ಅದೇ ಟಾರ್ಚು.

ಓಡಿದೆ. ಭಾರವಿಲ್ಲದ ಮುಂದಿನ ಪದರ ಹಾರಾಡ್ತಿದೆ, ಮಂಡಿ ಬಡಿದುಕೊಳ್ತಿದೆ, ಶೂ ಲೇಸು ಬಿಚ್ಚಿಕೊಂಡಿದೆ. ಒಂದು ಮಗು ಕಿಲಕಿಲ ನಕ್ಕಿತು. ಬಾಗಿಲಿಗೆ ಹೋದರೆ ಕೆಂಪು ದೀಪ! ಒಳಗೆ ಯಾರೋ ಇದ್ದಾರೆ. ಬಡಿಯೋ ಹಾಗಿಲ್ಲ, ಬಿಡೋ ಹಾಗಿಲ್ಲ. ಬೀಗರು ಹಿಂದೆಯೇ ಬಂದು ಹೆಗಲ ಮೇಲೆ ಕೈಯಿಟ್ಟರು. ನನ್ನ ಹರಕು ಇಂಗ್ಲಿಷಿನಲ್ಲಿ ಓಲೆಯ ಕಥೆ ಹೇಳಿದೆ. ಬೇವಿನ ಕಡ್ಡಿಗೆ ಇಂಗ್ಲಿಷ್ ಮಾತು ಸಿಗಲಿಲ್ಲ. ಕಿವಿ ಮುಟ್ಟಿ ತೋರಿಸಿದೆ. ಅವರಿಗೆ ಅರ್ಥವಾಯ್ತು.

ರೈಲು ಆಗ ಒಂದು ಉದ್ದದ ಕಲ್ಲುಸೇತುವೆಯ ಮೇಲೆ ಹೋಗ್ತಿತ್ತು. ನನ್ನ ಮನಸ್ಸು ಬೇರೆ ಕಡೆ ತಿರುಗಲಿ ಅಂತಲೋ ಏನೋ, ಬೀಗರು ಕಿಟಕಿ ಕಡೆ ಕೈ ತೋರಿ ಮೆಲ್ಲಗೆ ಹೇಳಿದರು. 1898ರಲ್ಲಿ ಕಟ್ಟಿದ ಸೇತುವೆ, 29 ಕಮಾನು. ಹತ್ತಿರದಲ್ಲೇ ಕಲಾಡನ್ ರಣಭೂಮಿ. 1746ರ ಏಪ್ರಿಲ್‌ನಲ್ಲಿ ಅಲ್ಲಿ ಇವರ ಬೆಟ್ಟದ ಜನ ಸೋತರು. ಅದೇ ವರ್ಷ ಲಂಡನ್ನಿನವರು ಕಾನೂನು ಮಾಡಿದರು: ಸೈನ್ಯದವರ ಹೊರತು ಯಾವ ಗಂಡಸೂ ಈ ಉಡುಪು ತೊಡಬಾರದು. ಮೊದಲ ಸಲ ತಪ್ಪಿದರೆ ಆರು ತಿಂಗಳ ಜೈಲು, ಎರಡನೇ ಸಲ ಏಳು ವರ್ಷ ಸಮುದ್ರದಾಚೆಗೆ ಗಡೀಪಾರು. ಕಾನೂನು ರದ್ದಾದದ್ದು 1782ರಲ್ಲಿ. ‘ಬಟ್ಟೆ ಕಳಕೊಂಡವರ ಮೊಮ್ಮಕ್ಕಳು ನಾವು. ಅದಕ್ಕೇ ಒಂದು ಪಿನ್ನನ್ನೂ ಜೋಪಾನ ಮಾಡ್ತೀವಿ’ ಅಂದರು.

ಬೇವಿನ ಕಡ್ಡಿ ಅವರ ಕಡೆಯೂ ಇತ್ತು ಅಂತಾಯ್ತು.

ಇನ್ವರ್ನೆಸ್ ಬಂತು ಅಂತ ಘೋಷಣೆ ಆಗುವ ಹೊತ್ತಿಗೆ ಬಾಗಿಲು ತೆರೆಯಿತು. ಒಬ್ಬ ಅಜ್ಜಿ. ಕೈಯಲ್ಲಿ ನನ್ನ ಸ್ಪೋರನ್! ನನ್ನ ಸೊಂಟದ ಕಡೆ ಒಮ್ಮೆ ನೋಡಿ, ‘ನಿಮ್ಮದೇ ಇರಬೇಕು’ ಅಂದರು. ರೈಲಿನ ಕುಲುಕಾಟಕ್ಕೆ ಚೀಲದ ಗುಂಡಿ ಬಿಚ್ಚಿಕೊಂಡು ಒಳಗಿದ್ದದ್ದೆಲ್ಲ ನೆಲಕ್ಕೆ ಚೆಲ್ಲಿತ್ತಂತೆ. ಕನ್ನಡಕ, ಟಿಕೆಟ್, ಒಂದಷ್ಟು ಚಿಲ್ಲರೆ ಆಯ್ದು ಹಾಕಿದ್ದೀನಿ, ಬೇರೇನಾದರೂ ಇದ್ದರೆ ನೀರಿನ ತೂತಿಗೆ ಹೋಗಿರಬೇಕು ಅಂದರು.

ಕೈ ಒಳಗೆ ಹಾಕಿದೆ. ಬೆರಳಿಗೆ ಹಳದಿ ಗಂಟು ತಗುಲಿತು. ಎರಡು ಹೊಲಿಗೆ ಹಾಗೇ ಹಿಡಿದುಕೊಂಡಿತ್ತು.

ಆ ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿಬಿಟ್ಟೆ. ಕಿಲ್ಟ್ ತೊಟ್ಟು ಬಗ್ಗೋ ವಿದ್ಯೆ ಬೀಗರು ಕಲಿಸಿರಲಿಲ್ಲ. ಚಿಕ್ಕಪೇಟೆಯ ಚಡ್ಡಿ ನಾಲ್ಕು ಜನಕ್ಕೆ ಕಂಡಿರಬೇಕು. ಕಾಣಲಿ ಬಿಡಿ! ಬೀಗರು ನನ್ನನ್ನ ತಿರುಗಿಸಿ ನಿಲ್ಲಿಸಿ, ಬೆನ್ನಹಿಂದಿನ ಎರಡೂ ಕುಣಿಕೆಗೆ ಪಟ್ಟಿ ತೂರಿಸಿ, ತಾವೇ ಬಕಲ್ ಬಿಗಿದರು.

ಕಪ್ಪು ಚಾಕು

ಮದುವೆಗೆ ಇನ್ನು ಅರ್ಧ ಗಂಟೆ. ಮಗಳು ಅವಳ ಅಮ್ಮನ ಧಾರೆ ಸೀರೆ ಉಟ್ಟು ಕೋಣೆಯಲ್ಲಿ ಕೂತಿದ್ದಳು. ನನ್ನನ್ನ ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ನಾನು ಸ್ಪೋರನ್ ತೆರೆದು ತೋರಿಸಿದೆ. ಹಳದಿ ರವಿಕೆಯ ಚೂರು ಗುರುತು ಸಿಕ್ಕಿತು ಅವಳಿಗೆ. ನಗು ನಿಂತಿತು.

ದಾರ ಕತ್ತರಿಸಬೇಕು. ನನ್ನ ಕಾಲ್ಚೀಲಕ್ಕೆ ಕೈ ಹಾಕಿದೆ, ಡಮ್ಮಿ! ಬೀಗರು ಬಗ್ಗಿ ತಮ್ಮ ಕಪ್ಪು ಚಾಕು ಎಳೆದು, ಹಿಡಿ ನನ್ನ ಕಡೆ ಮಾಡಿ ಕೊಟ್ಟರು. ಎರಡೇ ಸಲ ಮುಟ್ಟಿಸಿದೆ, ಹೊಲಿಗೆ ಬಿಟ್ಟುಕೊಂಡಿತು. ಮಗಳು ಹಾಕಿಕೊಂಡಿದ್ದ ಟಾಪ್ಸ್ ತೆಗೆದು, ಕಿವಿ ನನ್ನ ಕಡೆ ತಿರುಗಿಸಿದಳು. ಎಷ್ಟು ನಾಯಕಿಯರಿಗೆ ಓಲೆ ಹಾಕಿದ ಕೈ ಇದು! ಅವತ್ತು ತಿರುಪು ಹಿಡಿಯೋಕೆ ಮೂರು ಸಲ ತಪ್ಪಿತು.

‘ಅಪ್ಪಾ, ಬಿಗಿಯಾಗಿದೆಯಾ?’ ಅಂದಳು.

‘ಬಿಗಿಯಾಗಿದೆ ಕಣಮ್ಮ’ ಅಂದೆ. ಆದರೂ ಇನ್ನೊಂದು ಸಲ ತಿರುಗಿಸಿ ನೋಡಿದೆ.

ಓದುಗ ಮಿತ್ರರೇ, ಉಡುಪು ಯಾವ ದೇಶದ್ದಾದರೂ ಇರಲಿ, ಪ್ರಯಾಣದಲ್ಲಿ ಮೂರು ಮಾತು ನೆನಪಿಡಿ: ಕುಣಿಕೆಗೆ ಪಟ್ಟಿ ತೂರಿಸಿ, ದಾರಿಯಲ್ಲಿ ಬಿಚ್ಚಬೇಡಿ, ಬೆಲೆಯುಳ್ಳದ್ದಕ್ಕೆ ಕೊಕ್ಕೆಯ ಜೊತೆ ದಾರವನ್ನೂ ಹಾಕಿ.

ಆಮೇಲೆ ಬೆಂಗಳೂರಿನ ಧಾರೆಗೆ ಬೀಗರು ಬಂದರು, ಮಾತಿನಂತೆ ಕಚ್ಚೆಪಂಚೆ ಉಟ್ಟರು. ಉಡಿಸಿದವನು ನಾನೇ. ಛತ್ರದಲ್ಲಿ ಬಾಳೆಲೆ ಮುಂದೆ ಕೂತು ಪಾಯಸ ಸುರಿಯುವ ಹೊತ್ತಿಗೆ ಅವರ ಮುಖ ಬಿಳಿಚಿತು. ‘ಬೀಗ್ರೇ, ಕಚ್ಚೆ ಜಾರ್ತಿದೆ…’ ಅಂತ ಪಿಸುಗುಟ್ಟಿದರು.

‘ಜಾರೋದಿಲ್ಲ ಬೀಗರೇ, ಧೈರ್ಯವಾಗಿ ಊಟ ಮಾಡಿ’ ಅಂದೆ. ‘ಹಿಂದೆ ಎರಡು ಹೊಲಿಗೆ ಹಾಕಿದ್ದೀನಿ!’